ಅರ್ಧಕ್ಕೆ ನಿಂತ ಬಾವುಟ

ಹೆನ್ರಿಕೆ ಆ ದ್ವೀಪಕ್ಕೆ ಬಂದಿಳಿದ ಸಂಜೆಯೇ ಮನೆಯೊಡತಿ ಡೋರ್ಟೆ ಅಡುಗೆಮನೆಯ ಕುರ್ಚಿಗಳ ವಿಷಯ ಹೇಳಿಬಿಟ್ಟಳು. ಕಿಟಕಿಯ ಪಕ್ಕದ್ದು ತನ್ನದು, ಒಲೆಯ ಕಡೆಯದು ಮಗಳು ಮಾರೆನ್‌ಳದು, ಗೋಡೆಗೆ ಒರಗಿಸಿಟ್ಟದ್ದನ್ನು ಹೆನ್ರಿಕೆ ಎಳೆದುಕೊಳ್ಳಬಹುದು. ಮೇಜಿನ ತುದಿಯಲ್ಲಿದ್ದ, ಕೈಯಿಡುವಲ್ಲಿ ಬಣ್ಣ ಸವೆದು ಮರ ಕಾಣುತ್ತಿದ್ದ ಕುರ್ಚಿಯಲ್ಲಿ ಮಾತ್ರ ಯಾರೂ ಕೂರುವಂತಿರಲಿಲ್ಲ.

"ಅದು ಯೆಸ್ಪರ್‌ದು," ಅಂದಳು ಡೋರ್ಟೆ. "ಬಂದಾಗ ಅವನಿಗೆ ಕೂರೋಕೆ ಬೇಕು."

ಯೆಸ್ಪರ್ ಅವಳ ಗಂಡ. ಸೆಪ್ಟೆಂಬರಿನ ಕೊನೆಯಲ್ಲಿ ಬಲೆ ಎತ್ತಲು ಒಬ್ಬನೇ ಹೋದವನು. ದೋಣಿ ಮಾತ್ರ ಸಿಕ್ಕಿತ್ತು. ಎಂಜಿನ್ ಇನ್ನೂ ಓಡುತ್ತಿತ್ತಂತೆ, ಫ್ಲಾಸ್ಕಿನ ಮುಚ್ಚಳ ತೆರೆದೇ ಇತ್ತಂತೆ. ಇದನ್ನೆಲ್ಲ ಹೆನ್ರಿಕೆಗೆ ಹೇಳಿದವಳು ಡೋರ್ಟೆಯಲ್ಲ, ಶಾಲೆಯ ಮುಖ್ಯಸ್ಥೆ ಗ್ರೆಥೆ. ದೋಣಿ ಸಿಕ್ಕ ಸುದ್ದಿ ಬಂದೊಡನೆ ಊರಿನವರು ತಮ್ಮ ತಮ್ಮ ಅಂಗಳದ ಬಾವುಟಗಳನ್ನು ಅರ್ಧ ಕಂಬಕ್ಕೆ ಇಳಿಸಿದ್ದರು. ಯಾರಾದರೂ ತೀರಿಕೊಂಡರೆ ಹಾಗೆ ಮಾಡುವುದು ಅಲ್ಲಿನ ರೂಢಿ. ಡೋರ್ಟೆ ತಾನು ಕೆಲಸ ಮಾಡುವ, ಮೀನಿಗೆ ಹೊಗೆ ಹಾಕಿ ಒಣಗಿಸುವ ಹೊಗೆಮನೆಯ ಏಪ್ರನ್ನಿನಲ್ಲೇ ಮನೆಯಿಂದ ಮನೆಗೆ ಹೋಗಿ, ಪ್ರತಿಯೊಬ್ಬರೂ ಬಾವುಟ ಇಳಿಸಿ ಮಡಿಸಿ ಒಳಗಿಡುವವರೆಗೆ ಅಂಗಳದಲ್ಲಿ ನಿಂತಿದ್ದಳು. ಅವನ ದೇಹ ಸಿಕ್ಕಿದರೆ ಆ ದಿನ ಶಾಲೆಯ ಬಾವುಟ ಮೊದಲು ಅರ್ಧಕ್ಕೆ ಇಳಿಯಲಿ, ಅದನ್ನು ನೋಡಿ ನೀವೆಲ್ಲ ಇಳಿಸಿ, ಅಲ್ಲಿಯವರೆಗೆ ಅವನ ಹೆಸರಲ್ಲಿ ಯಾರ ಕೈಯೂ ಹಗ್ಗ ಮುಟ್ಟಬಾರದು ಎಂದಿದ್ದಳು. ಶಾಲೆ ದಿಬ್ಬದ ಮೇಲಿದೆ. ಅದರ ಕಂಬ ಬಂದರಿನಿಂದಲೂ ಕಾಣುತ್ತದೆ. ಊರು ಒಪ್ಪಿಕೊಂಡಿತ್ತು.

"ಆ ಮನೇಲಿ ಅವನ ಮಾತು ಬಂದ್ರೆ, ಇದ್ದಾನೆ ಅನ್ನೋ ಹಾಗೆ ಮಾತಾಡು," ಎಂದಿದ್ದಳು ಗ್ರೆಥೆ. "ಅಷ್ಟು ಮಾಡಿದ್ರೆ ಕ್ರಿಸ್‌ಮಸ್‌ವರೆಗೆ ನಿನಗೇನೂ ತೊಂದ್ರೆ ಆಗಲ್ಲ."

ಕ್ರಿಸ್‌ಮಸ್‌ವರೆಗೆ ಎಂದೇ ಹೆನ್ರಿಕೆ ಬಂದದ್ದು. ಜರ್ಮನಿಯ ಕಾಸೆಲ್ ಊರಿನ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದವಳು, ಈ ಡ್ಯಾನಿಷ್ ದ್ವೀಪದ ಮಕ್ಕಳಿಗೆ ಒಂದು ಅವಧಿ ಜರ್ಮನ್ ಕಲಿಸಲು ಒಪ್ಪಿಕೊಂಡಿದ್ದಳು. ವಸಂತದಲ್ಲಿ ಅವಳ ತಾಯಿ ತೀರಿಕೊಂಡಿದ್ದರು. ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಂಡ ಮನೆಯಲ್ಲಿ ಈಗ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಪಾತ್ರೆ ತೊಳೆಯುತ್ತ ನಲ್ಲಿ ನಿಲ್ಲಿಸಿ, ಕರೆದರೇನೋ ಎಂದು ಕಿವಿಗೊಡುವುದು ಅಭ್ಯಾಸವಾಗಿಬಿಟ್ಟಿತ್ತು. ನಲವತ್ತೆಂಟನೇ ವಯಸ್ಸಿನಲ್ಲಿ ಹೀಗೆ ಗಂಟುಮೂಟೆ ಕಟ್ಟಿದ್ದಕ್ಕೆ ಜೊತೆಯವರು ಧೈರ್ಯವಂತೆ ಎಂದರು. ಅದು ಧೈರ್ಯವಲ್ಲ, ನಲ್ಲಿ ನಿಲ್ಲಿಸುವ ಆ ಅಭ್ಯಾಸದಿಂದ ತಪ್ಪಿಸಿಕೊಳ್ಳುವುದು ಎಂದು ಅವಳು ಯಾರಿಗೂ ಹೇಳಲಿಲ್ಲ.

ಅವಳಿಗೆ ಕೊಟ್ಟ ಮಹಡಿ ಕೋಣೆಗೆ ಆಗಸ್ಟಿನಲ್ಲಿ ಬಣ್ಣ ಬಳಿದವನು ಯೆಸ್ಪರನೇ. ಬರುವ ಟೀಚರಿಗೆ ಅಂತ ತಿಳಿ ಹಳದಿ ಆರಿಸಿದ್ದನಂತೆ. ಕಿಟಕಿಯ ಮೂಲೆಯಲ್ಲಿ ಕುಂಚದ ಒಂದು ಕೂದಲು ಬಣ್ಣದೊಳಗೆ ಅಂಟಿಕೊಂಡು ಉಳಿದಿತ್ತು. ಬೇರೆ ಕಡೆ ಕೋಣೆ ನೋಡೋಣವೇ ಎಂದು ಗ್ರೆಥೆ ಕೇಳಿದಾಗ ಡೋರ್ಟೆ ಸಿಟ್ಟಾಗಿದ್ದಳಂತೆ: ಯೆಸ್ಪರ್ ಮಾತು ಕೊಟ್ಟಿದ್ದಾನೆ, ಅವನು ಬಂದು ಕೇಳಿದರೆ ನಾನೇನು ಹೇಳಲಿ?

ಶಾಲೆಯಲ್ಲಿ ಮೊದಲ ವಾರ ಹೆನ್ರಿಕೆಗೆ ಕಷ್ಟವಾದದ್ದು ಏಕವಚನ. ಅವಳ ಊರಿನಲ್ಲಿ ಹುಡುಗರು ಟೀಚರನ್ನು ಬಹುವಚನದಲ್ಲಿ, ಮನೆತನದ ಹೆಸರು ಹಿಡಿದು ಮಾತಾಡಿಸುತ್ತಾರೆ. ಇಲ್ಲಿ ಆರನೇ ವಯಸ್ಸಿನ ಮೂಗು ಸೋರುವ ಮಗುವೂ "ಹೆನ್ರಿಕೆ, ಬಾ ಇಲ್ಲಿ" ಅನ್ನುತ್ತಿತ್ತು. ಅವಳ ಡ್ಯಾನಿಷ್ ಉಚ್ಚಾರ ಕೇಳಿದ ಐದನೇ ತರಗತಿಯ ಫ್ರೀಯಾ, "ಹಲ್ಲಿನ ಡಾಕ್ಟ್ರ ಹತ್ರ ಹೋಗಿ ಬಂದ್ಯಾ? ಇನ್ನೂ ಬಾಯಿ ಮರಗಟ್ಟಿದೆಯಾ?" ಎಂದು ನಿಜವಾದ ಕಾಳಜಿಯಿಂದ ಎಂಬಂತೆ ಕೇಳಿದಾಗ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಮಾರೆನ್ ನಗಲಿಲ್ಲ. ಅವಳೂ ಅದೇ ತರಗತಿ. ಮನೆಗೆ ಹೋಗುವ ದಾರಿಯಲ್ಲಿ ಹೆನ್ರಿಕೆಯ ಪಕ್ಕ ನಡೆಯುತ್ತ ಒಂದೊಂದೇ ಪದ ಹೇಳಿಕೊಟ್ಟಳು. ತಪ್ಪಿದರೆ ತಲೆಯಾಡಿಸಿ, ತನ್ನ ಅಮ್ಮನ ಹಾಗೆಯೇ ತುಟಿ ಬಿಗಿದು, ಮತ್ತೊಮ್ಮೆ ಹೇಳಿಸಿದಳು.

ಹೀಗೆ ದಿನ ಕಳೆದಂತೆ ಹೆನ್ರಿಕೆ ಆ ಮನೆಗೆ ಒಗ್ಗಿಕೊಂಡಳು. ಡೋರ್ಟೆ ಸಂಜೆ ಹೊಗೆಮನೆಯಿಂದ ಬರುವಾಗ ಅವಳ ಕೂದಲಲ್ಲಿ, ಬೆರಳುಗಳಲ್ಲಿ ಸೌದೆಯ ಹೊಗೆಯೂ ಹೆರಿಂಗ್ ಮೀನಿನ ಎಣ್ಣೆಯೂ ಸೇರಿದ ವಾಸನೆ ಇರುತ್ತಿತ್ತು. ದಿನವಿಡೀ ಕಬ್ಬಿಣದ ಸರಳುಗಳಿಗೆ ಮೀನು ಪೋಣಿಸಿ ಪೋಣಿಸಿ ಅವಳ ಉಗುರುಗಳು ಕಂದುಬಣ್ಣಕ್ಕೆ ತಿರುಗಿದ್ದವು. ಮೂವರೂ ರೈ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿನ್ನುತ್ತಿದ್ದರು. ನಾಲ್ಕನೆಯ ತಟ್ಟೆ, ನಾಲ್ಕನೆಯ ಬಟ್ಟಲು ಮೇಜಿನ ತುದಿಯಲ್ಲಿ ಬೋರಲಾಗಿರುತ್ತಿದ್ದವು. ಡೋರ್ಟೆ ಮಾತು ಕಡಿಮೆ. ಆದರೆ ಹೆನ್ರಿಕೆ ಬರುವುದು ತಡವಾದರೆ ಬಾಗಿಲ ದೀಪ ಹಾಕಿಡುತ್ತಿದ್ದಳು. ಅಂಥ ದೀಪವನ್ನು ಹೆನ್ರಿಕೆ ಎಷ್ಟೋ ಕಾಲದಿಂದ ಕಂಡಿರಲಿಲ್ಲ.

ಒಂದು ಸಂಜೆ ಊಟದ ಹೊತ್ತಿಗೆ ಗಾಳಿ ಎದ್ದು ಹೊರಬಾಗಿಲ ಚಿಲಕ ತಟಕ್ಕನೆ ಸದ್ದು ಮಾಡಿತು. ಡೋರ್ಟೆ ಅರ್ಧ ಎದ್ದು ನಿಂತಳು. ಮಾರೆನ್ ಬಾಯಲ್ಲಿದ್ದುದನ್ನು ಅಗಿಯುವುದು ನಿಲ್ಲಿಸಿದಳು. ಆ ಒಂದು ಗಳಿಗೆ ಹೆನ್ರಿಕೆಯ ಎದೆ ಧಸಕ್ಕೆಂದಿತು. ಅವನು ಬಂದರೆ ಇವರಿಗೆ ನಾನು ಯಾರು? ಈ ದೀಪ, ಈ ಹಳದಿ ಕೋಣೆ, ದಾರಿಯುದ್ದ ಪದ ಕಲಿಸುವ ಈ ಹುಡುಗಿ? ಬಂದದ್ದು ಗಾಳಿ ಮಾತ್ರ. ಡೋರ್ಟೆ ಮತ್ತೆ ಕೂತಳು. ಹೆನ್ರಿಕೆ ಇನ್ನೊಂದು ಚೂರು ಬ್ರೆಡ್ ತೆಗೆದುಕೊಂಡು ಬೆಣ್ಣೆ ಸವರಿದಳು, ನೆಮ್ಮದಿಯಿಂದ. ಆ ನೆಮ್ಮದಿಯ ಗುರುತು ಹತ್ತಿದ್ದೇ ಅವಳು ಬ್ರೆಡ್ಡನ್ನು ತಟ್ಟೆಯಲ್ಲೇ ಇಟ್ಟುಬಿಟ್ಟಳು.

ನವೆಂಬರಿನಲ್ಲಿ ಮಾರೆನ್‌ಳ ಹುಟ್ಟುಹಬ್ಬ. ಮಕ್ಕಳ ಹುಟ್ಟುಹಬ್ಬಕ್ಕೆ ಶಾಲೆಯ ಕಂಬದಲ್ಲಿ ಬಾವುಟ ಏರಿಸುವುದು ಅಲ್ಲಿನ ವಾಡಿಕೆ. ಆ ಕೆಲಸ ಶಾಲೆ ನೋಡಿಕೊಳ್ಳುವ ಎಗೋನ್‌ನದು. ಅವನೋ ಮಂಡಿನೋವಿಗೆ ಚಿಕಿತ್ಸೆಯೆಂದು ಆ ದಿನ ದೊಡ್ಡ ಊರಿನ ಆಸ್ಪತ್ರೆಗೆ ಹೋಗುವವನಿದ್ದ. ಯಾರು ಏರಿಸ್ತಾರೆ ಎಂದು ಮಾರೆನ್ ಹಿಂದಿನ ವಾರದಿಂದಲೇ ಕೇಳುತ್ತಿದ್ದಳು.

"ಗ್ರೆಥೆಗೆ ಹೇಳಿದ್ರೆ ಮರೀತಾಳೆ," ಅಂದಳು. "ಹೋದ ವರ್ಷ ಫ್ರೀಯಾದು ಮರೆತಿದ್ಲು. ನನ್ನದು ಮರೀಬಾರದು. ಅಪ್ಪ ಸಮುದ್ರದಿಂದ ನೋಡಿದ್ರೆ ಮೊದಲು ಕಾಣೋದೇ ಶಾಲೆ ಬಾವುಟ."

"ನಾನು ಏರಿಸ್ತೀನಿ," ಎಂದಳು ಹೆನ್ರಿಕೆ. ಅಷ್ಟು ಬೇಗ ಹೇಳಿದ್ದಕ್ಕೆ ತನಗೇ ಆಶ್ಚರ್ಯವಾಯಿತು.

ಅವಳು ಹುಟ್ಟಿದಾಗಿನಿಂದ ಬಾವುಟ ಮುಟ್ಟಿದವಳಲ್ಲ. ಅವಳ ತಂದೆ ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಹುಟ್ಟಿದವರು. ಅವರ ಅಪ್ಪ ಆ ಯುದ್ಧದಲ್ಲಿ ಯಾವ ಬಾವುಟದ ಹಿಂದೆ ಹೋಗಿದ್ದರೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಫುಟ್‌ಬಾಲ್ ಪಂದ್ಯದ ದಿನ ಎದುರುಮನೆಯವರು ಬಾಲ್ಕನಿಗೆ ಬಾವುಟ ಕಟ್ಟಿದರೆ ತಂದೆ ಎದ್ದು ಹೋಗಿ ಪರದೆ ಎಳೆಯುತ್ತಿದ್ದರು. ಕಾಸೆಲ್‌ನ ಅವಳ ಶಾಲೆಯ ಮುಂದೆಯೂ ಕಂಬ ಇತ್ತೋ ಇಲ್ಲವೋ ಎಂದು ಕೇಳಿದ್ದರೆ ಅವಳು ತಡವರಿಸುತ್ತಿದ್ದಳು. ಅಲ್ಲಿ ಯಾರೂ ತಲೆಯೆತ್ತಿ ನೋಡುವವರಲ್ಲ.

ಎಗೋನ್ ಹೋಗುವ ಮುನ್ನ ಅಂಗಳಕ್ಕೆ ಕರೆದು ತೋರಿಸಿಕೊಟ್ಟಿದ್ದ. ಅವಳು ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದದ್ದನ್ನು ನೋಡಿ, "ಅದೇನು ಹಸುವಾ, ಒದೆಯೋಕೆ? ಗಟ್ಟಿಯಾಗಿ ಹಿಡಿ," ಎಂದ. ಎರಡೂ ಹಗ್ಗದ ನಡುವೆ ಅಂತರವಿರಬೇಕು, ಗಾಳಿ ಇದ್ದರಂತೂ ಕಣ್ಣು ಮೇಲೇ ಇರಬೇಕು ಎಂದ. "ಎಳೀತಾ ಎಳೀತಾ ಬಾವುಟಾನೇ ನೋಡ್ಬೇಕು. ನಾಚ್ಕೋಬೇಡ."

ಹುಟ್ಟುಹಬ್ಬದ ಬೆಳಿಗ್ಗೆ ಡೋರ್ಟೆಯೂ ಅವಳೂ ತಟ್ಟೆಯಲ್ಲಿ ಬಿಸಿ ಕೋಕೋ, ಸಿಹಿ ಬನ್ನು, ಒಂದು ಪುಟ್ಟ ಕಾಗದದ ಬಾವುಟ ಇಟ್ಟುಕೊಂಡು ಮಾರೆನ್‌ಳ ಹಾಸಿಗೆಯ ಬಳಿ ಹೋಗಿ ಹಾಡಿದರು. ಡೋರ್ಟೆ ಹಾಡಿನ ಎಲ್ಲ ಸಾಲುಗಳನ್ನೂ ಹಾಡಿದಳು. ಗಂಡಸಿನ ದನಿಗೆಂದು ಬಿಟ್ಟ ಜಾಗವೇನೋ ಎಂಬಂತೆ ನಡುನಡುವೆ ನಿಂತು ಹಾಡಿದಳು. ಸಂಜೆ ತರಗತಿಯವರನ್ನೆಲ್ಲ ಕೇಕಿಗೆ ಕರೆದಿದ್ದಾಯಿತು ಎಂದಳು. ಆಮೇಲೆ ಏಪ್ರನ್ ಸುತ್ತಿಟ್ಟುಕೊಂಡು ಹೊಗೆಮನೆಗೆ ಹೋದಳು.

ಹೊತ್ತು ಆಗಷ್ಟೇ ಹುಟ್ಟಿತ್ತು. ಮೂಡಣ ಗಾಳಿ ಜೋರಾಗಿತ್ತು. ಹೆನ್ರಿಕೆ ಬಾವುಟವನ್ನು ಹಗ್ಗದ ಕೊಂಡಿಗಳಿಗೆ ಸಿಕ್ಕಿಸಿ ಎಳೆಯತೊಡಗಿದಳು. ದಿಬ್ಬದ ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ಲಿನವರು ಹೋಗುತ್ತಿದ್ದರು. ಒಬ್ಬ ಜರ್ಮನ್ ಹೆಂಗಸು ಬಾವುಟದ ಕೆಳಗೆ ಮೋರೆಯೆತ್ತಿ ನಿಂತಿದ್ದಾಳೆ ಎಂದು ತಂದೆಯ ಕಣ್ಣಿನಿಂದ ತನ್ನನ್ನು ತಾನು ಕಂಡಂತಾಗಿ, ಅವಳಿಗೆ ತಲೆಯೆತ್ತಲಾಗಲಿಲ್ಲ. ತನ್ನ ಬೂಟುಗಳನ್ನೇ ನೋಡುತ್ತ ಎಳೆದಳು. ಇದ್ದಕ್ಕಿದ್ದಂತೆ ಹಗ್ಗ ಬಿಗಿಯಿತು. ನೋಡಿದರೆ ಬಾವುಟ ಅರ್ಧ ಕಂಬದಲ್ಲಿತ್ತು. ಗಾಳಿಗೆ ಎರಡೂ ಹಗ್ಗ ಒಂದಕ್ಕೊಂದು ಹೆಣೆದುಕೊಂಡು ಅದರ ಅಂಚು ಅವುಗಳೊಳಗೆ ಸಿಕ್ಕಿಬಿದ್ದಿತ್ತು. ಎಳೆದಳು, ಜಗ್ಗಿದಳು, ಕಂಬದ ಸುತ್ತ ತಿರುಗಿದಳು. ಮೇಲೂ ಹೋಗದು, ಕೆಳಗೂ ಬಾರದು.

ಗಂಟೆ ಹೊಡೆಯಿತು; ಮಕ್ಕಳು ಆಗಲೇ ಊರ ಕಡೆಯ ಬಾಗಿಲಿನಿಂದ ಒಳಗೆ ಸೇರಿದ್ದರು. ಅರ್ಧ ಕಂಬ ಎಂದರೇನೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗ್ರೆಥೆ ಹೇಳಿದ್ದೂ ಒಂದು ಕ್ಷಣ ತಲೆಯಲ್ಲಿ ಹಾದುಹೋಯಿತು. ಆದರೆ ಒಂದು ಪಾಠದ ಹೊತ್ತು, ಅಷ್ಟೇ. ಅಷ್ಟರಲ್ಲಿ ಯಾರು ನೋಡುತ್ತಾರೆ, ಬಿಡುವಿನಲ್ಲಿ ಗ್ರೆಥೆಯನ್ನು ಕರೆದು ಬಿಡಿಸಿದರಾಯಿತು ಎಂದುಕೊಂಡು ಹಗ್ಗವನ್ನು ಗೂಟಕ್ಕೆ ಸುತ್ತಿ ಒಳಗೆ ನಡೆದಳು. ಅವಳು ಹುಟ್ಟಿ ಬೆಳೆದ ಊರಿನಲ್ಲಿ ಅದು ಸರಿಯಾದ ಲೆಕ್ಕವೇ ಆಗಿರುತ್ತಿತ್ತು.

ಐದನೇ ತರಗತಿಯ ಕಿಟಕಿಗಳು ಊರಿನ ಕಡೆಗಿವೆ. ಕಂಬ ಇರುವುದು ಕಟ್ಟಡದ ಇನ್ನೊಂದು ಬದಿಗೆ; ಮಾಡಿಗಿಂತ ಎತ್ತರವಾದ್ದರಿಂದ ಊರಿಗೆ ಕಾಣುತ್ತದೆ, ತರಗತಿಯೊಳಕ್ಕೆ ಕಾಣುವುದಿಲ್ಲ. ಹುಟ್ಟುಹಬ್ಬದ ಹುಡುಗಿಯನ್ನು ಬೋರ್ಡಿನ ಹತ್ತಿರ ನಿಲ್ಲಿಸಿ, ಜರ್ಮನ್‌ನಲ್ಲಿ ಅವಳ ವಯಸ್ಸು, ಇಷ್ಟದ ತಿಂಡಿ ಕೇಳುವ ಆಟ ನಡೆದಿತ್ತು. ಮಾರೆನ್ ಇಷ್ಟದ ತಿಂಡಿ ಹೇಳುತ್ತಿದ್ದಾಗ ಫ್ರೀಯಾ ಕಿಟಕಿಯ ಕಡೆ ತಿರುಗಿದಳು.

"ಅಂಗಡಿ ಲೈಲಾ ಬಾವುಟ ಏರಿಸ್ತಿದ್ದಾಳೆ," ಅಂದಳು. "ಮಾರೆನ್, ನಿನಗೇ ಇರ್ಬೇಕು."

ಕೆಳಗೆ ಅಂಗಡಿಯ ಅಂಗಳದಲ್ಲಿ ಕೆಂಪು ಬಾವುಟ ಸರಸರನೆ ತುದಿಗೇರಿತು. ತುದಿ ಮುಟ್ಟಿ, ನಿಂತು, ನಿಧಾನವಾಗಿ ಅರ್ಧಕ್ಕೆ ಇಳಿಯಿತು. ಆಚೆ ಪಾದ್ರಿಯ ಮನೆಯದು ಏರಿತು, ಇಳಿಯಿತು. ಫೆರಿ ಕಟ್ಟೆಯದು. ಹೊಗೆಮನೆಯ ಹಿಂದಿನ ಸಾಲಿನ ಮನೆಗಳದು, ಒಂದಾದ ಮೇಲೊಂದು. ಮಕ್ಕಳು ಯಾರೂ ಹೇಳದೆಯೇ ಎದ್ದು ಕಿಟಕಿಗೆ ಹೋಗಿದ್ದರು. ಅವರು ಈ ಊರಿನ ಮಕ್ಕಳು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬರೂ ಮಾರೆನ್‌ಳ ಕಡೆ ನೋಡಲಿಲ್ಲ.

ಮಾರೆನ್ ಬೋರ್ಡಿನ ಹತ್ತಿರವೇ ನಿಂತಿದ್ದಳು. "ಮೊದಲು ಶಾಲೆದು ಇಳೀಬೇಕು," ಎಂದಳು. "ಅಮ್ಮ ಹಾಗೆ ಹೇಳಿದಾಳೆ. ಶಾಲೆದು ಮೇಲಿದೆ ಅಲ್ವಾ ಹೆನ್ರಿಕೆ? ನೀನು ಏರಿಸ್ದೆ ಅಲ್ವಾ?"

ಹೆನ್ರಿಕೆಯ ಕಣ್ಣು ಬಾಗಿಲ ಕಡೆ, ಕಂಬವಿದ್ದ ಬದಿಗೆ ಹೋಯಿತು. ಮಾರೆನ್ ಅವಳ ಮುಖವನ್ನೇ ನೋಡಿ, ಸೀಮೆಸುಣ್ಣ ಕೆಳಗಿಟ್ಟು, ಹೊರಗೆ ಓಡಿದಳು.

ಹೆನ್ರಿಕೆ ಹಿಂದೆಯೇ ಓಡಿದಳು. ಹುಡುಗಿ ಕಂಬದ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದಳು. ಅಪ್ಪ ಸಿಕ್ಕಿಲ್ಲ, ಇದು ನನ್ನ ತಪ್ಪು, ಹಗ್ಗ ಸಿಕ್ಕಿಹಾಕಿಕೊಂಡಿದೆ ಎಂದು ಹೆನ್ರಿಕೆ ಅವಳ ಭುಜ ಹಿಡಿದು ಮತ್ತೆ ಮತ್ತೆ ಹೇಳಿದಳು. ಮಾರೆನ್ ಕೇಳಿಸಿಕೊಂಡಳೋ ಇಲ್ಲವೋ. ಅವಳು ದಿಬ್ಬದ ದಾರಿಯ ಕಡೆ ತಿರುಗಿದ್ದಳು.

ಡೋರ್ಟೆ ಬರುತ್ತಿದ್ದಳು. ಏಪ್ರನ್, ರಬ್ಬರ್ ಬೂಟು, ತಲೆಗೆ ಕಟ್ಟಿದ ಬಟ್ಟೆ. ಓಡುತ್ತಿರಲಿಲ್ಲ. ಮೀನಿನ ಕೆಲಸದಿಂದ ನೆಟ್ಟಗೆ ಬಂದವಳ ಹಾಗೆ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು, ಒಂದೇ ಸಮನೆ ನಡೆದು ಬರುತ್ತಿದ್ದಳು. ಅವಳ ಹಿಂದೆ ಸಾಕಷ್ಟು ದೂರ ಬಿಟ್ಟು ಹೊಗೆಮನೆಯ ಹೆಂಗಸರು, ಅವರ ಹಿಂದೆ ಬಂದರಿನ ನಾಲ್ಕಾರು ಗಂಡಸರು, ಟೊಪ್ಪಿ ಕೈಯಲ್ಲಿ ಹಿಡಿದುಕೊಂಡು.

ಹತ್ತಿರ ಬಂದು ಕೇಳಿದಳು: "ಎಲ್ಲಿ ಸಿಕ್ಕಿದ?"

"ಸಿಕ್ಕಿಲ್ಲ ಡೋರ್ಟೆ. ಹಗ್ಗ ಸುತ್ತಿಕೊಂಡುಬಿಡ್ತು. ಹುಟ್ಟುಹಬ್ಬಕ್ಕೆ ಅಂತ ಏರಿಸ್ತಿದ್ದೆ. ಅರ್ಧಕ್ಕೆ ನಿಂತುಹೋಯ್ತು. ಪಾಠ ಮುಗಿಸಿ ಬಂದು ಬಿಡಿಸೋಣ ಅಂತ…"

"ಪಾಠ ಮುಗಿಸಿ," ಎಂದಳು ಡೋರ್ಟೆ.

ಅಷ್ಟೇ ಹೇಳಿ ತಲೆಯೆತ್ತಿ ಬಾವುಟ ನೋಡಿದಳು. ಗಾಳಿಗೆ ಅದು ಪಟಪಟನೆ ಬಡಿದುಕೊಳ್ಳುತ್ತಿತ್ತು. ಗ್ರೆಥೆ ಒಳಗಿನಿಂದ ಓಡಿಬಂದು, ಏನಾಗಿದೆಯೆಂದು ತಿಳಿದು, ಬಾಯಿಗೆ ಕೈ ಇಟ್ಟುಕೊಂಡು ಮಾರೆನ್‌ಳನ್ನು ತನ್ನತ್ತ ಎಳೆದುಕೊಂಡಳು. ಡೋರ್ಟೆ ಹೆನ್ರಿಕೆಗೆ ಮಾತ್ರ ಕೇಳುವಷ್ಟು ಹತ್ತಿರ ಬಂದಳು. ಹೊಗೆಯ ವಾಸನೆ ಬಂತು.

"ದಿಬ್ಬ ಹತ್ತುವಾಗ ನನಗೆ ಏನಾಯ್ತು ಗೊತ್ತಾ?" ಎಂದಳು. "ಹಗುರ ಆಯ್ತು. ಸದ್ಯ, ಸಿಕ್ಕಿದನಲ್ಲ ಅನ್ನಿಸ್ತು. ಶವಪೆಟ್ಟಿಗೇಲಿ ಮಲಗಿಸೋವಾಗ ಯಾವ ಬಟ್ಟೆ ಹಾಕೋದು ಅಂತ ಯೋಚನೆ ಮಾಡ್ತಾ ಬಂದೆ. ಕಂದು ಸ್ವೆಟರ್ ಅಂತ ಮನಸ್ಸಲ್ಲಿ ತೆಗೆದಿಟ್ಟೂ ಆಗಿತ್ತು. ನೀನೀಗ ಸಿಕ್ಕಿಲ್ಲ ಅಂತೀಯ."

ಹೆನ್ರಿಕೆ ಅಳತೊಡಗಿದಳು. ತಾಯಿ ಸತ್ತಾಗ ಬಾರದ ಅಳು ಈಗ ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

"ಅಳಬೇಡ," ಎಂದಳು ಡೋರ್ಟೆ, ಒರಟಾಗಿಯೂ ಅಲ್ಲ, ಮೃದುವಾಗಿಯೂ ಅಲ್ಲ. "ನಿನ್ನ ಮೇಲಲ್ಲ ನನ್ನ ಸಿಟ್ಟು. ಅವನು ಬರ್ತಾನೆ ಅಂತಲೇ ಇದ್ದೆ ನಾನು, ಇವತ್ತು ಬೆಳಿಗ್ಗೆವರೆಗೂ. ಈಗ ನೋಡು, ಹಾಗೆ ಅಂದ್ಕೊಳ್ಳೋಕೆ ಹೋದ್ರೂ ಬರ್ತಾ ಇಲ್ಲ."

ಆಮೇಲೆ ಅವಳು ಗಂಡಸರ ಕಡೆ ತಿರುಗಿ, ಟೊಪ್ಪಿ ಹಾಕ್ಕೊಳ್ಳಿ, ಚಳಿ ಇದೆ, ಕಂಬ ಮಲಗಿಸಿ ಎಂದಳು. ಬೇರೆ ದಾರಿಯೂ ಇರಲಿಲ್ಲ. ಅವರು ಬುಡದ ಬೋಲ್ಟು ಬಿಚ್ಚಿ, ನಾಲ್ಕು ಜನ ಹಿಡಿದು, ಉದ್ದದ ಬಿಳಿ ಕಂಬವನ್ನು ಮೆಲ್ಲನೆ ಹುಲ್ಲಿನ ಕಡೆಗೆ ಬಾಗಿಸತೊಡಗಿದರು. ಬಾವುಟ ನೆಲಕ್ಕೆ ತಾಗಬಾರದು. ಅದು ಅಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಡೋರ್ಟೆ ಕಂಬ ಬರುವ ಜಾಗಕ್ಕೆ ಹೋಗಿ ಎರಡೂ ತೋಳು ಚಾಚಿ ನಿಂತಳು. ತಣ್ಣಗಿನ, ಭಾರದ ಬಟ್ಟೆ ಅವಳ ತೋಳಿನ ಮೇಲೆ ಬಂದು ಬಿತ್ತು. ಅವಳು ಅದನ್ನು ಎದೆಗೆ ಎಳೆದುಕೊಂಡು, ಸಿಕ್ಕು ಬಿಡಿಸುವವರೆಗೆ ಹಾಗೆಯೇ ಹಿಡಿದು ನಿಂತಿದ್ದಳು.

"ಆ ತುದಿ ಹಿಡ್ಕೋ," ಎಂದಳು ಹೆನ್ರಿಕೆಗೆ.

ಇಬ್ಬರೂ ಎದುರುಬದುರು ನಿಂತು, ಒಗೆದ ಚಾದರ ಮಡಿಸುವ ಹಾಗೆ, ಅದನ್ನು ಮಡಿಸಿದರು. ಪ್ರತಿ ಮಡಿಕೆಗೂ ಡೋರ್ಟೆ ಹತ್ತಿರ ಬಂದು ಹೆನ್ರಿಕೆಯ ಕೈಯಿಂದ ಅಂಚು ತೆಗೆದುಕೊಂಡಳು. ಅವಳ ಕಂದು ಉಗುರುಗಳು ಕೆಂಪು ಬಟ್ಟೆಯ ಮೇಲೆ ಮಣ್ಣಿನ ಚೂರುಗಳಂತೆ ಕಂಡವು. ದಿಬ್ಬದ ಕೆಳಗೆ ಬಾವುಟಗಳು ಒಂದೊಂದಾಗಿ, ತಪ್ಪು ಮಾಡಿದವರ ಹಾಗೆ, ಇಳಿದು ಒಳಗೆ ಹೋಗುತ್ತಿದ್ದವು.

ಮಧ್ಯಾಹ್ನ ಹೆನ್ರಿಕೆ ಮಹಡಿ ಕೋಣೆಯಲ್ಲಿ ಪೆಟ್ಟಿಗೆ ತುಂಬಿದಳು. ಗ್ರೆಥೆಯ ಮನೆಯ ಸೋಫಾದಲ್ಲಾದರೂ ಮಲಗಬಹುದು, ಇಲ್ಲದಿದ್ದರೆ ಊರಿಗೇ ಹೋಗಿಬಿಡಬಹುದು. ಡೋರ್ಟೆ ಹೊರಗೆ ಹಾಕಿದ್ದರೆ, ಒಂದು ಕೆಟ್ಟ ಮಾತು ಆಡಿದ್ದರೆ, ಎಷ್ಟೋ ವಾಸಿಯಿತ್ತು. ಚಿಲಕದ ಸದ್ದಿಗೆ ತನ್ನ ಎದೆ ಧಸಕ್ಕೆಂದ ಆ ಸಂಜೆ ನೆನಪಾಯಿತು. ಹಗ್ಗ ಬಿಗಿದದ್ದು ಗಾಳಿಗೆ, ಅದರಲ್ಲಿ ಅನುಮಾನವಿಲ್ಲ. ಆದರೂ, ತಾನು ಬೂಟು ನೋಡುತ್ತ ಎಳೆದದ್ದು ಬರೀ ತಂದೆಯ ನೆನಪಿಗೇ? ಆ ಮನುಷ್ಯ ಬಾರದೇ ಇರಲಿ ಎಂಬ ಆಸೆಯೂ ಅದರಲ್ಲಿತ್ತೇ? ಪೆಟ್ಟಿಗೆ ಹಿಡಿದು ಕೆಳಗಿಳಿದಾಗ ಸಂಜೆಯಾಗಿತ್ತು.

ಅಡುಗೆಮನೆಯಲ್ಲಿ ತರಗತಿಯ ಮಕ್ಕಳೆಲ್ಲ ಬಂದು ಕೂತಿದ್ದರು. ಕರೆದದ್ದನ್ನು ಡೋರ್ಟೆ ಬೇಡವೆಂದಿರಲಿಲ್ಲ. ಕೆನೆ ತುಂಬಿದ ಕೇಕಿನ ಸುತ್ತ ಪುಟ್ಟ ಪುಟ್ಟ ಕಾಗದದ ಬಾವುಟಗಳು ಚುಚ್ಚಿಕೊಂಡಿದ್ದವು, ಎಲ್ಲವೂ ನೆಟ್ಟಗೆ. ಮಕ್ಕಳು ದೊಡ್ಡವರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ಸ್ಟೂಲು, ಬೆಂಚು, ಗೋಡೆಗೆ ಒರಗಿದ್ದ ಕುರ್ಚಿ, ಎಲ್ಲ ಭರ್ತಿಯಾಗಿದ್ದವು. ಮೇಜಿನ ತುದಿಯದು ಮಾತ್ರ ಖಾಲಿ.

ಡೋರ್ಟೆ ಅವಳ ಕೈಯಲ್ಲಿದ್ದ ಪೆಟ್ಟಿಗೆ ನೋಡಿದಳು.

"ಎಲ್ಲಿಗೆ ಹೊರಟೆ? ಕ್ರಿಸ್‌ಮಸ್‌ವರೆಗೆ ಅಂತ ಮಾತಾಗಿದೆ," ಎಂದಳು. "ಪೆಟ್ಟಿಗೆ ಕೆಳಗಿಡು. ಕೂತ್ಕೋ."

ಹೆನ್ರಿಕೆ ಜಾಗ ಹುಡುಕುವವಳಂತೆ ಸುತ್ತ ನೋಡಿದಳು. ನಿಂತೇ ಇರುತ್ತೇನೆ ಎಂದಳು.

"ಅಲ್ಲಿ ಇದೆಯಲ್ಲ. ಅಲ್ಲೇ ಕೂತ್ಕೋ."

ಮಾರೆನ್ ಅಮ್ಮನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಡೋರ್ಟೆ ಚಾಕುವಿನಿಂದ ಕೇಕು ಕತ್ತರಿಸುತ್ತಿದ್ದಳು, ತಲೆಯೆತ್ತಲಿಲ್ಲ. ಕೊನೆಗೆ ಮಾರೆನ್ ಎದ್ದು, ಮೇಜಿನ ತುದಿಯಲ್ಲಿ ಬೋರಲಾಗಿದ್ದ ಬಟ್ಟಲನ್ನು ಮಗುಚಿ ನೆಟ್ಟಗಿಟ್ಟು, ಅದಕ್ಕೆ ಕೋಕೋ ಹುಯ್ದಳು. ತನ್ನ ಜಾಗಕ್ಕೆ ವಾಪಸಾಗಿ, ಯಾರನ್ನೂ ನೋಡದೆ ಕೇಕಿನ ಮೇಲಿನ ಒಂದು ಬಾವುಟ ಕಿತ್ತು, ಅದರ ಕಡ್ಡಿಗೆ ಅಂಟಿದ ಕೆನೆಯನ್ನು ನೆಕ್ಕತೊಡಗಿದಳು.

ಹೆನ್ರಿಕೆ ಕೂತಳು. ಕ್ರಿಸ್‌ಮಸ್ಸಿಗೆ ಇನ್ನೂ ವಾರಗಳಿದ್ದವು. ಪ್ರತಿ ಬೆಳಿಗ್ಗೆ, ಪ್ರತಿ ಸಂಜೆ ಇಲ್ಲಿಯೇ. ಏನು ಮಾಡಬೇಕೆಂದು ತಿಳಿಯದೆ ಅವಳು ಕೈಗಳನ್ನು ಕುರ್ಚಿಯ ತೋಳಿನ ಮೇಲಿಟ್ಟಳು. ಬಣ್ಣ ಸವೆದಿದ್ದ ಜಾಗಗಳು ಅಂಗೈಗೆ ನುಣ್ಣಗೆ ತಾಗಿದವು.